ಬೆಂಕಿ ಆರಿದ ಮೇಲೂ ತಿರುಗುವ ಪೋಯಿ

ಗೋಕರ್ಣದ ಕುಡ್ಲೆ ಕಡಲತೀರದಲ್ಲಿ ಸಂಜೆ ಕಳೆದವರಿಗೆ ಆ ನೋಟ ಹೊಸದಲ್ಲ. ಕತ್ತಲು ಇಳಿಯುತ್ತಿದ್ದಂತೆ ಪ್ರವಾಸಿಯೊಬ್ಬರು ಎರಡು ಸರಪಳಿಗಳ ತುದಿಗೆ ಕಟ್ಟಿದ ಬತ್ತಿಯುಂಡೆಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಹಿಂಡಿ, ಬೆಂಕಿ ಹಚ್ಚಿ ಬೀಸತೊಡಗುತ್ತಾರೆ. ಭುರ್ರನೆ ಸದ್ದು, ಗಾಳಿಯಲ್ಲಿ ಬೆಂಕಿಯ ಬಳೆಗಳು. ಸುತ್ತ ನಿಂತವರ ಮೊಬೈಲುಗಳು ಮೇಲೇಳುತ್ತವೆ. ಬೆಂಗಳೂರಿನ ರೆಸಾರ್ಟ್‌ಗಳಲ್ಲಿ, ಮದುವೆಯ ಸಂಗೀತ ಸಂಜೆಗಳಲ್ಲಿ ಇದನ್ನು ‘ಫೈರ್ ಶೋ’ ಎನ್ನುತ್ತಾರೆ. ಬೆಂಕಿ ಆರಿತೋ, ಚಪ್ಪಾಳೆ ಬಿತ್ತು, ಎಲ್ಲರೂ ಊಟಕ್ಕೆ ಎದ್ದರು. ಬೀಸಿದವರು ಕೈಯಲ್ಲಿ ಏನು ಹಿಡಿದಿದ್ದರು, ಯಾವ ವರಸೆಯ ನಂತರ ಯಾವುದನ್ನು ತಂದರು, ಯಾಕೆ ತಂದರು ಎಂದು ಕೇಳುವವರು ತೀರಾ ಕಡಿಮೆ.

ಕೇಳಬೇಕು. ಆ ಕಲೆಗೆ ಪೋಯಿ ಎಂದು ಹೆಸರು. ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿ ಜನರ ಮಾತಿನಲ್ಲಿ ಪೋಯಿ ಎಂದರೆ ಚೆಂಡು. ದಾರಕ್ಕೆ ಕಟ್ಟಿದ ಆ ಚೆಂಡಿಗೂ, ಅದನ್ನು ಹಿಡಿದು ಆಡುವ ನೃತ್ಯಕ್ಕೂ, ಜೊತೆಗೆ ಹಾಡುವ ಹಾಡಿಗೂ ಅದೇ ಪದ. ಬೆಂಕಿ ಅದರ ಹುಟ್ಟಿನಲ್ಲಿ ಇರಲಿಲ್ಲ, ಎಷ್ಟೋ ಕಾಲದ ನಂತರ ಬೇರೆ ಕಡೆಯಿಂದ ಬಂದು ಸೇರಿಕೊಂಡಿತು. ಕಣ್ಣು ಕೋರೈಸುವ ಆ ಬೆಂಕಿಯನ್ನು ಪಕ್ಕಕ್ಕಿಟ್ಟು ನೋಡಿದರೆ ಮಾತ್ರ ಪೋಯಿ ಎಂಬುದು ಒಬ್ಬ ಮನುಷ್ಯ ತನ್ನ ಮನಸ್ಸನ್ನು ಹೇಳಿಕೊಳ್ಳಲು ಬಳಸಬಹುದಾದ ಒಂದು ನುಡಿ ಎಂಬುದು ಕಾಣುತ್ತದೆ.

ಹಳೆಯ ಪೋಯಿಯ ಸಾಮಗ್ರಿಯೆಲ್ಲ ಜೌಗು ನೆಲದ್ದು. ರೌಪೋ ಎಂಬ ಜೊಂಡು ನಮ್ಮ ಕೆರೆಯಂಚಿನ ಜೊಂಡಿನ ಬಳಗದ್ದೇ. ಅದರ ಒಣಗಿದ ಎಲೆಗಳನ್ನು ಮೆತ್ತಗೆ ಮಾಡಿ ಹೊರಕವಚ ಕಟ್ಟುತ್ತಾರೆ. ಅದೇ ಗಿಡದ ತೆನೆಯಿಂದ ಉದುರುವ ಹತ್ತಿಯಂಥ ನವಿರು ಒಳಗೆ ತುಂಬುತ್ತದೆ. ದಾರಕ್ಕೆ ಹರಾಕೆಕೆ ಎಂಬ ಗಿಡದ ಎಲೆಯಿಂದ ಕೆರೆದು ತೆಗೆದ ನಾರು. ಆ ನಾರನ್ನು ತೊಡೆಯ ಮೇಲಿಟ್ಟು ಅಂಗೈಯಲ್ಲಿ ಹೊಸೆಯುತ್ತಾರೆ, ನಮ್ಮ ಅಜ್ಜಂದಿರು ಪುಂಡಿ ನಾರಿನ ಹಗ್ಗ ಹೊಸೆದ ಹಾಗೆ. ನಾಯಿಯ ಉದ್ದ ಬಿಳಿ ಕೂದಲ ಕುಚ್ಚು ಕಟ್ಟಿದ ಸಿಂಗಾರದ ಪೋಯಿಗಳೂ ಇದ್ದವು. ಇವತ್ತು ಶಾಲೆಯ ಮಕ್ಕಳು ಪ್ಲಾಸ್ಟಿಕ್ ಚೀಲದೊಳಗೆ ಸ್ಪಂಜು ತುರುಕಿ, ಉಣ್ಣೆಯ ದಾರ ಹೆಣೆದು ಪೋಯಿ ಮಾಡಿಕೊಳ್ಳುತ್ತಾರೆ.

ಗಿಡ್ಡ ದಾರದ ಪೋಯಿ ಅಂಗೈಗೆ, ಮುಂಗೈಗೆ, ಭುಜಕ್ಕೆ ತಟ್ಟಿ ಚಟಚಟ ಎನ್ನುತ್ತದೆ. ಇಪ್ಪತ್ತು ಹೆಂಗಸರು ಒಟ್ಟಿಗೆ ಬೀಸಿದಾಗ ಆ ಸದ್ದೇ ಅವರ ತಾಳವಾದ್ಯ. ಉದ್ದ ದಾರದ್ದು ಮೈಯ ಸುತ್ತ ಹಕ್ಕಿಯಂತೆ ಹಾರಾಡುತ್ತದೆ. ಯೋಧರು ಮಣಿಕಟ್ಟು ಪಳಗಲೆಂದು ಪೋಯಿ ಬೀಸುತ್ತಿದ್ದರು ಎಂಬ ಮಾತೂ ಅಲ್ಲಿ ಉಂಟು. ಹೊಲ ಕಾಯುವಾಗ ಕವಣೆ ಬೀಸಿ ಗೊತ್ತಿರುವ ನಮ್ಮವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ದಾರದ ತುದಿಯ ಭಾರವನ್ನು ಆಳುವುದು ತೋಳಿನ ಬಲವಲ್ಲ, ಮಣಿಕಟ್ಟಿನ ಹದ.

ಇಷ್ಟು ಹಗುರವಾದ ವಸ್ತುವಿನಿಂದ ಆ ಜನ ಎಷ್ಟು ಭಾರದ ಸಂಗತಿಗಳನ್ನು ಹೇಳಿದ್ದಾರೆ!

ತರನಾಕಿ ಸೀಮೆಯಲ್ಲಿ ಪರಿಹಾಕ ಎಂಬ ಊರಿದೆ. ಬ್ರಿಟಿಷ್ ವಸಾಹತು ಸರ್ಕಾರ ಮಾವೋರಿಗಳ ಭೂಮಿ ಮುಟ್ಟುಗೋಲು ಹಾಕಿಕೊಂಡಾಗ ಆ ಊರಿನ ಹಿರಿಯರಾದ ತೆ ಫಿಟಿ ಓ ರೊಂಗೊಮಾಯಿ ಮತ್ತು ತೋಹು ಕಾಕಹಿ ಆಯುಧ ಹಿಡಿಯಬಾರದೆಂದು ಜನರಿಗೆ ಕಟ್ಟಪ್ಪಣೆ ಮಾಡಿದರು. ಜನ ಸರ್ವೆಗೂಟ ನೆಟ್ಟಲ್ಲಿ ಕಿತ್ತರು, ವಸಾಹತಿಗರ ನೆಲದಲ್ಲಿ ನೇಗಿಲು ಹೂಡಿದರು, ಬಂಧನಕ್ಕೆ ಮೌನವಾಗಿ ಕೈಯೊಡ್ಡಿದರು. 1881ರ ನವೆಂಬರ್ 5ರ ಬೆಳಿಗ್ಗೆ ಸುಮಾರು 1,600 ಮಂದಿ ಸಶಸ್ತ್ರ ಪಡೆ ಊರಿಗೆ ನುಗ್ಗಿದಾಗ ಎದುರಿಗೆ ಬಂದವರು ಹಾಡಿ ಕುಣಿಯುತ್ತಿದ್ದ ಮಕ್ಕಳು. ಮುಂದೆ ಅಹಿಂಸೆಯ ಹೋರಾಟಕ್ಕೆ ಹೆಸರಾದ ಗಾಂಧೀಜಿಗೆ ಆಗ 12 ವರ್ಷ. ಪಡೆಯವರು ಊರನ್ನು ಕೆಡವಿದರು, ಹಿರಿಯರನ್ನು ವಿಚಾರಣೆಯಿಲ್ಲದೆ ಸೆರೆಯಲ್ಲಿಟ್ಟರು. ಆದರೆ ಪರಿಹಾಕದ ಹೆಂಗಸರು ತಮ್ಮ ವಂಶದ ಕಥೆಯನ್ನೂ ನೆಲದ ಕಥೆಯನ್ನೂ ಪೋಯಿಯ ಬೀಸಿಗೆ ಹೊಂದಿಸಿ ಹಾಡುತ್ತ ಉಳಿಸಿಕೊಂಡರು. ಮರೆಯಬಾರದ್ದನ್ನು ಮರೆಯದಿರಲು ಅವರು ಕಂಡುಕೊಂಡ ದಾರಿ ಅದು.

ಪೋಯಿಯನ್ನು ಹೀಗೆ ತಮ್ಮ ಜನಕ್ಕಾಗಿ ದುಡಿಸಿಕೊಂಡ ಇನ್ನೊಬ್ಬರು ತೆ ಪುಯೆಯ ಹೇರಂಗಿ. 1860ರ ದಶಕದ ಯುದ್ಧದ ನಂತರ ಅವರ ವೈಕಾಟೊ ಜನರ ಭೂಮಿ ಹೋಗಿತ್ತು. 1918ರ ಇನ್ಫ್ಲುಯೆಂಜಾ ಹಾವಳಿ ಮನೆಗಳನ್ನೇ ಖಾಲಿ ಮಾಡಿತ್ತು. ಅನಾಥ ಮಕ್ಕಳನ್ನು ಮಡಿಲಿಗೆ ಎಳೆದುಕೊಂಡ ಈ ತಾಯಿ 1920ರ ದಶಕದಲ್ಲಿ ಒಂದು ಕಲಾತಂಡ ಕಟ್ಟಿ ಊರೂರು ಸುತ್ತಿಸಿದರು. ಪೋಯಿ, ಹಾಕಾ ಎಂಬ ಅಬ್ಬರದ ಕುಣಿತ, ಹಾಡುಗಳಿಂದ ಬಂದ ಕಾಸನ್ನು ಕೂಡಿಟ್ಟು ನ್ಗಾರುವಾವಾಹಿಯದಲ್ಲಿ ತಮ್ಮ ಜನಕ್ಕೆ ಒಂದು ಸಭಾಸ್ಥಾನ ಎಬ್ಬಿಸಿದರು. ಅದರ ಹೆಸರು ತೂರಂಗವೈವೈ, ಅಂದರೆ ಕಾಲೂರಲು ಒಂದು ಜಾಗ. ಆ ಹೆಸರನ್ನು ನಿಜ ಮಾಡಿದ್ದರಲ್ಲಿ ದಾರಕ್ಕೆ ಕಟ್ಟಿದ ಚೆಂಡುಗಳ ಪಾಲೂ ಇದೆ.

ಇವೆಲ್ಲ ಸಮುದಾಯದ ಮಾತಾಯಿತು, ಒಬ್ಬರದೇ ಸ್ವಂತ ಅಭಿವ್ಯಕ್ತಿ ಎಲ್ಲಿ ಎಂದು ಯಾರಾದರೂ ಕೇಳಬಹುದು. ಅದಕ್ಕೆ ಪಾಟಿಯ ಎಂಬ ಪುಟ್ಟ ಊರಿನಲ್ಲಿ ಉತ್ತರವಿದೆ.

ಪಾಟಿಯದ ಬದುಕು ನಿಂತಿದ್ದು ಮಾಂಸ ಸಂಸ್ಕರಿಸುವ ಒಂದು ಕಾರ್ಖಾನೆಯ ಮೇಲೆ. 1982ರಲ್ಲಿ ಅದು ಬಾಗಿಲು ಹಾಕಿತು. ದುಡಿಯುವ ಕೈಗಳಿಗೆಲ್ಲ ಒಮ್ಮೆಲೇ ಕೆಲಸವಿಲ್ಲ. ಅದೇ ವರ್ಷ ಆ ಊರಿನ ಗಾಯಕ ಡಾಲ್ವೇನಿಯಸ್ ಪ್ರೈಮ್, ಮಾವೋರಿ ನುಡಿಯ ಕಸುವುಳ್ಳ ಕವಿ ಮತ್ತು ಶಿಕ್ಷಕಿ ನ್ಗೋಯಿ ಪೇಫೈರಂಗಿ ಅವರನ್ನು ಕಂಡರು. ಪ್ರೈಮ್ ಪಾಪ್ ಸಂಗೀತದಲ್ಲಿ ಬೆಳೆದವರು, ಮಾವೋರಿ ಭಾಷೆ ಅವರಿಗೆ ಅಷ್ಟಾಗಿ ಬಾರದು. ಪೇಟೆಯ ಮಾವೋರಿ ಹುಡುಗರಿಗೆ ತಮ್ಮ ನುಡಿಯ ಮೇಲೆ ಅಭಿಮಾನ ಹುಟ್ಟಬೇಕಾದರೆ ಅವರು ದಿನವೂ ಕೇಳುವ ಸಂಗೀತದಲ್ಲೇ ಅದನ್ನು ಕೊಡಬೇಕೆಂದು ಇಬ್ಬರೂ ಕೂಡಿ ನಿರ್ಧರಿಸಿದರು. ನ್ಗೋಯಿ ಸಾಹಿತ್ಯ ಬರೆದರು, ಪ್ರೈಮ್ ರಾಗ ಹಾಕಿದರು. ಹುಟ್ಟಿದ್ದು ‘ಪೋಯಿ ಈ’ ಎಂಬ ಹಾಡು. ಅದರಲ್ಲಿ ಪೋಯಿಯನ್ನು ಬಾಲ ಬೀಸಣಿಗೆಯಂತೆ ಅರಳಿಸಿ ಚಂಗನೆ ಹಾರುವ ಒಂದು ಪುಟ್ಟ ಹಕ್ಕಿಗೆ ಹೋಲಿಸಿದ್ದಾರೆ.

ಧ್ವನಿಮುದ್ರಣ ಕಂಪನಿಗಳು ಒಲ್ಲೆ ಎಂದವು. ಪ್ರೈಮ್ ತಮ್ಮದೇ ಕಂಪನಿ ತೆರೆದರು. ಪಾಟಿಯ ಮಾವೋರಿ ಕ್ಲಬ್ಬಿನವರು ಹಾಡಿದರು. 1984ರಲ್ಲಿ ಈ ಹಾಡು ನ್ಯೂಜಿಲೆಂಡಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ನಾಲ್ಕು ವಾರ ಮೊದಲ ಸ್ಥಾನದಲ್ಲಿ ನಿಂತಿತು. ಅದರ ವಿಡಿಯೊ ಇವತ್ತಿಗೂ ನೋಡಲು ಸಿಗುತ್ತದೆ. ಒಂದು ಕಡೆ ಸಾಂಪ್ರದಾಯಿಕ ಉಡುಗೆಯ ಹೆಂಗಸರು ಪೋಯಿ ಬೀಸುತ್ತಾರೆ, ಇನ್ನೊಂದು ಕಡೆ ಒಬ್ಬ ಹುಡುಗ ಬೀದಿಯಲ್ಲಿ ಬ್ರೇಕ್‌ಡಾನ್ಸ್ ಮಾಡುತ್ತಾನೆ. ಎರಡೂ ಒಂದೇ ತಾಳಕ್ಕೆ ಒಂದೇ ಉಸಿರಿನಲ್ಲಿ ನಡೆಯುತ್ತವೆ. ಸಂಪ್ರದಾಯ ಆ ಹುಡುಗನನ್ನು ಹೊರಗೆ ನಿಲ್ಲಿಸಲಿಲ್ಲ, ಅವನೂ ಅದನ್ನು ಕೆಡಿಸಲಿಲ್ಲ. ಆಗ ಮಾವೋರಿ ಭಾಷೆಗೆ ಅಧಿಕೃತ ಸ್ಥಾನವೂ ಇರಲಿಲ್ಲ, ಅದು ಸಿಕ್ಕಿದ್ದು 1987ರಲ್ಲಿ. ನ್ಗೋಯಿ ಅದನ್ನು ನೋಡಲು ಉಳಿಯಲಿಲ್ಲ, 1985ರಲ್ಲಿ ತೀರಿಕೊಂಡರು. 2010ರಲ್ಲಿ ತೈಕಾ ವೈಟಿಟಿ ನಿರ್ದೇಶನದ ‘ಬಾಯ್’ ಚಿತ್ರದಿಂದಾಗಿ ಹಾಡು ಮತ್ತೆ ಪಟ್ಟಿಗೆ ಏರಿತು.

ಹಾಗಾದರೆ ಬೆಂಕಿ ಎಲ್ಲಿಂದ ಬಂತು? ಸಮೋವಾ ದ್ವೀಪದ ಕತ್ತಿ ವರಸೆಯ ಕಲಾವಿದ ಫ್ರೆಡ್ಡಿ ಲೆಟುಲಿ 1946ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಭ್ಯಾಸ ಮಾಡುತ್ತಿದ್ದಾಗ, ಅಲ್ಲೇ ಇದ್ದ ಬೆಂಕಿ ನುಂಗುವ ಒಬ್ಬ ಹಿಂದೂ ಕಲಾವಿದನಿಂದ ಇಂಧನ ಪಡೆದು, ಕತ್ತಿಯ ತುದಿಗೆ ಬಟ್ಟೆ ಸುತ್ತಿ ಹಚ್ಚಿದರಂತೆ. ಸಮೋವಾದ ಬೆಂಕಿ ಕತ್ತಿಯ ನೃತ್ಯ ಶುರುವಾದ ಬಗೆ ಇದು. ಮುಂದೆ ಪೆಸಿಫಿಕ್ ದ್ವೀಪಗಳ ಪ್ರವಾಸಿ ವೇದಿಕೆಗಳಲ್ಲಿ ಪೋಯಿಗೂ ಬೆಂಕಿ ಅಂಟಿತು. 1990ರ ದಶಕದಿಂದೀಚೆಗೆ ಉತ್ಸವಗಳ ಮೂಲಕ, ಬೆನ್ನುಚೀಲದ ಪ್ರವಾಸಿಗರ ಮೂಲಕ ಅದು ಲೋಕವೆಲ್ಲ ಹರಡಿತು. ಬೆಂಕಿಯ ಮೇಲೆ ಯಾರಿಗೂ ಸಿಟ್ಟಿರಬೇಕಿಲ್ಲ. ಮೈಸೂರು ದಸರೆಯಲ್ಲಿ ಬನ್ನಿಮಂಟಪದ ಪಂಜಿನ ಕವಾಯತು ನೋಡಿ ಬೆಳೆದ ನಾಡು ನಮ್ಮದು, ಕತ್ತಲೆಯಲ್ಲಿ ಸಾಲುಗಟ್ಟುವ ಬೆಳಕಿನ ಸೊಗಸು ನಮಗೆ ಗೊತ್ತು. ಆದರೆ ಪೋಯಿಯಲ್ಲಿ ಬೆಂಕಿ ಬೀಸುವವರ ಕೈಯನ್ನು ಮರೆಮಾಡುತ್ತದೆ. ಎರಡೇ ಸುಲಭದ ವರಸೆ ಬಲ್ಲವರಿಗೂ, ಹತ್ತು ವರ್ಷ ಮೈ ದಂಡಿಸಿದವರಿಗೂ ಒಂದೇ ಚಪ್ಪಾಳೆ ಕೊಡಿಸುತ್ತದೆ. ಕಲೆಗೆ ಇದಕ್ಕಿಂತ ದೊಡ್ಡ ಅನ್ಯಾಯ ಯಾವುದು?

ಕೈಯನ್ನೇ ನೋಡಬೇಕು ಎನ್ನುವವರಿಗೆ ಎರಡು ಹಳೆಯ ಕಾಲುಚೀಲ ಸಾಕು. ಒಂದೊಂದರ ತುದಿಗೆ ಒಂದೊಂದು ಟೆನಿಸ್ ಚೆಂಡು ಇಳಿಬಿಟ್ಟು ಗಂಟು ಹಾಕಬೇಕು. ಚಾಚಿದ ತೋಳಿನಲ್ಲಿ ಬೆರಳ ತುದಿಯಿಂದ ಕಂಕುಳಿನವರೆಗಿನ ಉದ್ದ ಬಹುಮಟ್ಟಿಗೆ ಸರಿಹೋಗುತ್ತದೆ, ಕಡಿಮೆ ಬಿದ್ದರೆ ದಾರ ಸೇರಿಸಿದರಾಯಿತು. ಮನೆಯ ತಾರಸಿಯಲ್ಲಿ ನಿಂತು ಎರಡನ್ನೂ ಮುಂದಕ್ಕೆ ಬೀಸಿದರೆ ಮೊದಲ ಪಾಠ ಆರಂಭ. ಎರಡನೆಯ ನಿಮಿಷಕ್ಕೆ ಒಂದು ಚೆಂಡು ಕಿವಿಗೆ ಬಡಿಯುತ್ತದೆ, ಮೂರನೆಯದಕ್ಕೆ ಎರಡೂ ದಾರ ಹೆಣೆದುಕೊಂಡು ನಿಲ್ಲುತ್ತವೆ.

ನಂತರ ಬರುವುದು ಮೂರು ಬೀಸಿನ ಹೆಣಿಗೆ. ಬಲಪಕ್ಕದಲ್ಲಿ ಮೂರು ಬೀಸು, ಎಡಪಕ್ಕದಲ್ಲಿ ಮೂರು ಬೀಸು, ಒಂದರ ಹಿಂದೆ ಒಂದು ಕೈ. ಮೂರನೆಯ ಬೀಸಿಗೆ ಒಂದು ಮಣಿಕಟ್ಟು ಇನ್ನೊಂದು ತೋಳಿನ ಅಡಿಗೆ ಸರಿಯಬೇಕು. ತಲೆಗೆ ಇದು ಎಷ್ಟು ಹೇಳಿದರೂ ಹತ್ತುವುದಿಲ್ಲ. ವಾರಗಟ್ಟಲೆ ತಪ್ಪಿದ ಮೇಲೆ ಒಂದು ಸಂಜೆ ಕೈಗೆ ತಾನಾಗಿ ಹತ್ತುತ್ತದೆ. ಸೈಕಲ್ಲು ಕಲಿತ ದಿನದ ಹಾಗೆ, ಆ ಸಂಜೆ ನೆನಪಿನಲ್ಲಿ ಉಳಿದುಬಿಡುತ್ತದೆ.

ಮುಂದೆ ತೆರೆದುಕೊಳ್ಳುವುದು ರಂಗೋಲಿಯ ಲೋಕ. ಎರಡು ಚೆಂಡುಗಳು ಒಂದೇ ದಿಕ್ಕಿಗೆ ತಿರುಗಬಹುದು, ಎದುರುಬದುರು ತಿರುಗಬಹುದು. ಒಟ್ಟಿಗೆ ಮೇಲೇರಬಹುದು, ಒಂದು ಏರಿದಾಗ ಇನ್ನೊಂದು ಇಳಿಯಬಹುದು. ಇಷ್ಟರಲ್ಲೇ ನಾಲ್ಕು ಬಗೆ. ಇದಕ್ಕೆ ಕೈಯ ಓಟವನ್ನು ಸೇರಿಸಿ. ಕೈ ದೊಡ್ಡ ವೃತ್ತ ಬರೆಯುತ್ತಾ ಒಂದು ಸುತ್ತು ಮುಗಿಸುವಾಗ ಚೆಂಡು ಎದುರು ದಿಕ್ಕಿನಲ್ಲಿ ಮೂರು ಸುತ್ತು ಬಂದರೆ ಗಾಳಿಯಲ್ಲಿ ನಾಲ್ಕು ದಳದ ಹೂವು ಮೂಡುತ್ತದೆ. ಎರಡೇ ಸುತ್ತು ಬಂದರೆ ಮೂರು ದಳ. ಗಣಿತ ಬಲ್ಲವರು ಇದಕ್ಕೆ ಸಮೀಕರಣ ಬರೆಯುತ್ತಾರೆ. ಬೀಸುವವರು ಹೆಗಲಿನಲ್ಲೂ ಮಣಿಕಟ್ಟಿನಲ್ಲೂ ಅದನ್ನು ಲೆಕ್ಕವಿಲ್ಲದೆ ಮಾಡುತ್ತಾರೆ.

ಇವೆಲ್ಲಕ್ಕಿಂತ ಚೆಂದದ್ದು ನಿಲುಗಡೆ. ಬೀಸಿನ ಕಸುವು ತೀರುವ ಸರಿಯಾದ ಗಳಿಗೆಗೆ ಕೈ ಅದರ ಜೊತೆ ಸಾಗಿದರೆ ಚೆಂಡು ಗಾಳಿಯಲ್ಲಿ ಕ್ಷಣಕಾಲ ತೂಕ ಕಳೆದುಕೊಂಡು ನಿಲ್ಲುತ್ತದೆ. ದಾರ ಆಗ ಬಿಗಿಯೂ ಅಲ್ಲ, ಸಡಿಲವೂ ಅಲ್ಲ. ಉಯ್ಯಾಲೆ ತುತ್ತತುದಿಗೆ ಹೋಗಿ ಹಿಂದಿರುಗುವ ಮುನ್ನ ಹೊಟ್ಟೆಯಲ್ಲಿ ಏನೋ ಆಗುತ್ತದಲ್ಲ, ಕಣ್ಣಿಗೆ ಕಾಣುವ ಹಾಗೆ ಅದೇ ಇಲ್ಲಿ ನಡೆಯುತ್ತದೆ. ಆಮೇಲೆ ಚೆಂಡು ಬಂದ ದಾರಿಯಲ್ಲೇ ಮರಳುತ್ತದೆ. ಎಲ್ಲಿ ನಿಲ್ಲಿಸಬೇಕು, ಎಷ್ಟು ಸಲ ನಿಲ್ಲಿಸಬೇಕು ಎಂದು ಯಾವ ಗುರುವೂ ಹೇಳಿಕೊಡಲಾರ.

ಸ್ವಂತ ಅಭಿವ್ಯಕ್ತಿ ಇಲ್ಲಿಂದ ಶುರುವಾಗುತ್ತದೆ. ವರಸೆಗಳು ಎಲ್ಲರವು, ಯೂಟ್ಯೂಬ್ ನೋಡಿ ಯಾರು ಬೇಕಾದರೂ ಕಲಿಯಬಹುದು. ಆದರೆ ಅದೇ ಹೆಣಿಗೆ, ಅದೇ ಹೂವು, ಅದೇ ನಿಲುಗಡೆ ಈ ಮೂರನ್ನೇ ಇಬ್ಬರಿಗೆ ಕೊಟ್ಟು ಒಂದು ಹಾಡಿಗೆ ಜೋಡಿಸಿ ಎಂದರೆ ಎರಡು ಬೇರೆಯೇ ನೃತ್ಯಗಳು ಬರುತ್ತವೆ. ಒಬ್ಬರು ಪಲ್ಲವಿಗೆ ಹೂವರಳಿಸಿ ಚರಣಕ್ಕೆ ಸುಮ್ಮನಾಗುತ್ತಾರೆ. ಇನ್ನೊಬ್ಬರು ಚೆಂಡನ್ನು ಒಂದೇ ಸಮನೆ ತಿರುಗಿಸುತ್ತ ಕಾಲುಗಳನ್ನು ಮಾತ್ರ ತಾಳ ತಪ್ಪಿಸಿ ಇಡುತ್ತಾರೆ. ನೃತ್ಯ ಸಂಯೋಜನೆ ಎಂದರೆ ಈ ಆಯ್ಕೆ. ಯಾವುದರ ನಂತರ ಯಾವುದು, ಎಷ್ಟು ಹೊತ್ತು, ಯಾವುದು ಬೇಡ. ಪದಗಳು ನಿಘಂಟಿನಲ್ಲಿ ಎಲ್ಲರಿಗೂ ಸಿಕ್ಕರೂ ಪತ್ರ ಬರೆದವರದೇ ಆಗುವಂತೆ.

ಈ ಸರಳ ಮಾತನ್ನು ಕಾನೂನಿನ ಕಿವಿಗೆ ಹಾಕಲು ಬಹಳ ಕಾಲ ಹಿಡಿಯಿತು. ಲೋಯಿ ಫುಲ್ಲರ್ ಎಂಬ ಅಮೆರಿಕದ ನರ್ತಕಿ ಗಜಗಟ್ಟಲೆ ರೇಷ್ಮೆಯನ್ನು ಕೈಯಲ್ಲಿ ಹಿಡಿದ ಕೋಲುಗಳಿಂದ ಸುಳಿಯಾಗಿಸಿ, ಬಣ್ಣದ ವಿದ್ಯುದ್ದೀಪಗಳ ಬೆಳಕಿನಲ್ಲಿ ಬೀಸುತ್ತಿದ್ದರು. ಬಟ್ಟೆಯೇ ಅವರ ಪೋಯಿ ಎನ್ನಬಹುದು. ತಮ್ಮ ಸಂಯೋಜನೆಯನ್ನು ಇನ್ನೊಬ್ಬಾಕೆ ನಕಲು ಮಾಡಿದಾಗ ಅವರು 1892ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯಕ್ಕೆ ಹೋದರು. ಅದರಲ್ಲಿ ಕಥೆಯಿಲ್ಲ, ಹಾಗಾಗಿ ಅದು ನಾಟಕೀಯ ಕೃತಿಯಲ್ಲ, ರಕ್ಷಣೆ ಕೊಡಲಾಗದು ಎಂದಿತು ನ್ಯಾಯಾಲಯ. ಅಮೆರಿಕದ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ನೃತ್ಯ ಸಂಯೋಜನೆ ಎಂಬ ಮಾತು ಹೆಸರೆತ್ತಿ ಸೇರಿದ್ದು 1976ರಲ್ಲಿ. ಭಾರತದ 1957ರ ಕಾಯ್ದೆ ನೃತ್ಯ ಸಂಯೋಜನೆಯನ್ನು ನಾಟಕೀಯ ಕೃತಿಯೊಳಗೆ ಸೇರಿಸಿಕೊಂಡಿದೆ, ಆದರೆ ಅದು ಬರವಣಿಗೆಯಲ್ಲೋ ಬೇರೆ ಬಗೆಯಲ್ಲೋ ದಾಖಲಾಗಿರಬೇಕು. ನಮ್ಮ ಯುವ ನೃತ್ಯ ಸಂಯೋಜಕರು ತಮ್ಮ ಕೆಲಸವನ್ನು ಒಂದು ನೋಟ್‌ಬುಕ್ಕಿನಲ್ಲಿ ಹೆಜ್ಜೆಹೆಜ್ಜೆಯಾಗಿ ಬರೆದಿಟ್ಟುಕೊಂಡರೆ ಒಳ್ಳೆಯದು. ಒಂಟಿ ಹೆಜ್ಜೆಗೆ ಒಡೆತನ ಸಿಗುವುದಿಲ್ಲ, ಸಿಗಲೂಬಾರದು. ಜೋಡಣೆ ಜೋಡಿಸಿದವರದು.

ಜೋಡಣೆ ನಿಮ್ಮದೇ ಇರಬಹುದು, ಕಲೆ ಎಲ್ಲಿಯದು? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಮಾವೋರಿಗಳು ಲೋಕಕ್ಕೆ ಪೋಯಿ ಬೀಸಬೇಡಿ ಎಂದು ಬೇಲಿ ಹಾಕಿಲ್ಲ. ಅವರು ಕೇಳುವುದು ಏನೆಂದು ತಿಳಿಯಲು ಹಾಕಾದ ವಿಷಯದಲ್ಲಿ ನಡೆದದ್ದನ್ನು ನೋಡಿ. ರಗ್ಬಿ ಮೈದಾನದಿಂದ ಲೋಕಪ್ರಸಿದ್ಧವಾದ ‘ಕಾ ಮಾಟೆ’ ಎಂಬ ಹಾಕಾ ನ್ಗಾಟಿ ತೋವಾ ಬುಡಕಟ್ಟಿನ ಮುಖಂಡ ತೆ ರೌಪರಾಹ ಅವರ ರಚನೆ. 2014ರಲ್ಲಿ ನ್ಯೂಜಿಲೆಂಡ್ ಸಂಸತ್ತು ಅದಕ್ಕೆಂದೇ ಒಂದು ಕಾಯ್ದೆ ಮಾಡಿತು. ಆ ಕಾಯ್ದೆ ಕೊಟ್ಟದ್ದು ಹಣದ ಹಕ್ಕಲ್ಲ. ವಾಣಿಜ್ಯಕ್ಕೆ ಬಳಸಿದಾಗ, ಚಲನಚಿತ್ರದಲ್ಲಿ ತೋರಿಸಿದಾಗ, ಇದನ್ನು ರಚಿಸಿದವರು ಇಂಥವರು ಎಂದು ಹೆಸರು ಹೇಳಬೇಕು, ಅಷ್ಟೇ. ಎಷ್ಟು ಸಣ್ಣ ಬೇಡಿಕೆ! ಯಕ್ಷಗಾನದ ಕುಣಿತವನ್ನು ಯಾವುದೋ ದೂರದ ದೇಶದಲ್ಲಿ ಹೆಸರಿಲ್ಲದೆ ಆಡಿ ತೋರಿಸಿದರೆ ಕರಾವಳಿಯವರಿಗೆ ಆಗುವ ನೋವನ್ನು ಊಹಿಸಿಕೊಂಡರೆ ಮಾವೋರಿಗಳ ಮಾತು ಅರ್ಥವಾಗುತ್ತದೆ. ಪೋಯಿಯನ್ನು ಬರೀ ‘ಫೈರ್ ಶೋ’ ಎಂದಾಗ ಆ ಹೆಸರೇ ಅಳಿಸಿಹೋಗುತ್ತದೆ.

ಆ ಕಲೆ ಅಲ್ಲಿ ಸಂಗ್ರಹಾಲಯದ ವಸ್ತುವೂ ಆಗಿಲ್ಲ. 1972ರಲ್ಲಿ ರೊಟೊರುವಾದಲ್ಲಿ ಶುರುವಾಗಿ ಈಗ ತೆ ಮಟಟಿನಿ ಎಂದು ಕರೆಸಿಕೊಳ್ಳುವ ರಾಷ್ಟ್ರೀಯ ಸ್ಪರ್ಧೆಯಲ್ಲಿ ಪ್ರತಿ ತಂಡವೂ ಹೊಸ ಪೋಯಿಯನ್ನು ರಚಿಸಿ ತರುತ್ತದೆ, ತನ್ನ ಊರಿನ, ತನ್ನ ಕಾಲದ ಸಂಗತಿಯನ್ನು ಅದರಲ್ಲಿ ಹೇಳುತ್ತದೆ. ಇತ್ತ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ಕೇಟ್ ರೀಗಲ್ ವ್ಯಾನ್ ವೆಸ್ಟ್ ಎಂಬ ಸಂಶೋಧಕಿ 60 ದಾಟಿದ 79 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ತಿಂಗಳು ಒಂದು ಗುಂಪಿಗೆ ಪೋಯಿ, ಇನ್ನೊಂದಕ್ಕೆ ತೈ ಚಿ ಕಲಿಸಿದರು. ಎರಡೂ ಗುಂಪಿನಲ್ಲಿ ಸಮತೋಲ, ಹಿಡಿತದ ಬಲದಂಥ ವಿಷಯಗಳಲ್ಲಿ ಸುಧಾರಣೆ ಕಂಡುಬಂತು. ಬೆಂಕಿಯಿಲ್ಲದ, ಮೆತ್ತನೆಯ ಚೆಂಡಿನ ಈ ನೃತ್ಯಕ್ಕೆ ವಯಸ್ಸಿನ ಅಡ್ಡಿಯಿಲ್ಲ. ಅರಂಗೇಟ್ರಂ ಬೇಕಿಲ್ಲ, ಸೀರೆ ಒಡವೆಯ ಖರ್ಚಿಲ್ಲ, ಅಂಕ ಕೊಡುವ ತೀರ್ಪುಗಾರರೂ ಬೇಕಿಲ್ಲ. ಕುಣಿಯುವ ಆಸೆ ಇದ್ದೂ ನನಗೆ ಬಾರದು ಎಂದು ಬದುಕಿಡೀ ಕುರ್ಚಿಯಲ್ಲಿ ಕೂತ ಎಷ್ಟೋ ಜನರಿಗೆ ಕೈಯಲ್ಲಿ ಒಂದು ವಸ್ತು ಸಿಕ್ಕೊಡನೆ ಸಂಕೋಚ ಬಿಡುತ್ತದೆ. ಕಣ್ಣೆಲ್ಲ ಚೆಂಡಿನ ಮೇಲಿರುತ್ತದೆ, ಮೈ ತನ್ನ ಪಾಡಿಗೆ ಕುಣಿಯತೊಡಗಿರುತ್ತದೆ.

ಬೆಂಕಿಯನ್ನೇ ಹಿಡಿಯಬೇಕೆನ್ನುವವರು ಎಚ್ಚರ ಬಿಡಬಾರದು. ಪೆಟ್ರೋಲು ಮುಟ್ಟಕೂಡದು. ಮೈಮೇಲೆ ಹತ್ತಿ ಬಟ್ಟೆಯೇ ಇರಬೇಕು, ನೈಲಾನು ಪಾಲಿಯೆಸ್ಟರು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತವೆ. ಒದ್ದೆ ಟವೆಲ್ ಹಿಡಿದ ಒಬ್ಬರು ಪಕ್ಕದಲ್ಲಿ ನಿಂತಿರಲೇಬೇಕು. ಮಕ್ಕಳ ಕೈಗೆ ಮಾತ್ರ ಬೇಡವೇ ಬೇಡ.

ಮಕ್ಕಳಿಗೆ ಕೊಡಬೇಕಾದ್ದು ಕಾಲುಚೀಲ ಮತ್ತು ಚೆಂಡು. ನೃತ್ಯ ಶಾಲೆಗಳ, ಬೇಸಿಗೆ ಶಿಬಿರಗಳ ಗುರುಗಳು ತರಗತಿಯ ಕೊನೆಯ ಹತ್ತು ನಿಮಿಷವನ್ನು ಮಕ್ಕಳಿಗೇ ಬಿಟ್ಟುಕೊಡಲಿ. ಹೇಳಿಕೊಟ್ಟ ಮೂರು ವರಸೆಗಳನ್ನು ತಮಗೆ ತೋಚಿದಂತೆ ಜೋಡಿಸಲಿ, ಯಾಕೆ ಹಾಗೆ ಜೋಡಿಸಿದಿರಿ ಎಂದು ಗುರುಗಳು ಪ್ರೀತಿಯಿಂದ ಕೇಳಲಿ. ಉತ್ಸವ, ರೆಸಾರ್ಟು, ಮದುವೆಯ ಸಂಘಟಕರು ಕಾರ್ಯಕ್ರಮದ ಪಟ್ಟಿಯಲ್ಲಿ ‘ಪೋಯಿ, ನ್ಯೂಜಿಲೆಂಡಿನ ಮಾವೋರಿ ಜನರ ಕಲೆ’ ಎಂದು ಒಂದು ಸಾಲು ಅಚ್ಚು ಹಾಕಿಸಿ, ಅದರ ಕೆಳಗೆ ಅಂದಿನ ನೃತ್ಯವನ್ನು ಜೋಡಿಸಿದ ಕಲಾವಿದರ ಹೆಸರನ್ನೂ ಸೇರಿಸಲಿ. ಬತ್ತಿ ಹಚ್ಚುವ ಮೊದಲು ಐದು ನಿಮಿಷ ಬರಿಯ ಬಿಳಿ ಚೆಂಡಿನಲ್ಲಿ ಆಡಿ ತೋರಿಸಿ ಎಂದು ಆ ಕಲಾವಿದರನ್ನು ಕೇಳಲಿ.